ಕಾಲು ಗಂಟೆ ಮುಂದೆ

ಗಡಿಯಾರಕ್ಕೆ ಹಾಕುವ ಎಣ್ಣೆಯ ತಣ್ಣನೆಯ ವಾಸನೆ ಮೂಸುತ್ತಲೇ ಬೆಳೆದವನು ಗಡಿಯಾರದಣ್ಣ. ಅವನ ಅಪ್ಪ ರಿಪೇರಿಗೆ ಬಂದ ಪ್ರತಿ ಗಡಿಯಾರವನ್ನೂ ಕಾಲು ಗಂಟೆ ಮುಂದಿಟ್ಟು ಕೊಡುತ್ತಿದ್ದರು, ಗಿರಾಕಿಗೆ ಹೇಳದೆ. “ಪಾಪ, ಯಾರಿಗೂ ಬಸ್ಸು ತಪ್ಪಬಾರದು” ಅನ್ನುವುದು ಅವರ ಕಾಳಜಿ. ಅಪ್ಪ ಹೋದ ಮೇಲೆ ಮಗ ಅವರ ಕೈಗಡಿಯಾರವನ್ನೇ ಕಟ್ಟಿಕೊಂಡು, ಅದನ್ನೇ ನೋಡಿ ಎಲ್ಲರದನ್ನೂ ಸರಿಮಾಡುತ್ತಿದ್ದ. ಮೂವತ್ತು ವರ್ಷದಿಂದ ಇಡೀ ಬೀದಿ ಕಾಲು ಗಂಟೆ ಮುಂದೆಯೇ ಬದುಕುತ್ತಿತ್ತು. ಮುಂದಿದೆ ಎಂಬುದು ಅವನಿಗೇ ಮರೆತುಹೋಗಿತ್ತು.

ಇವತ್ತು ಅವನು ವಿಮಾನ ನಿಲ್ದಾಣದಲ್ಲಿ ಕೂತಿದ್ದ. ಪರದೇಶದಲ್ಲಿರುವ ಅಕ್ಕನಿಗೆ ನಾಳೆ ಕಣ್ಣಿನ ಆಪರೇಷನ್. “ನೀನು ಬಂದು ಕೈ ಹಿಡ್ಕೊಂಡ್ರೆ ಸರಿ, ಇಲ್ಲಾಂದ್ರೆ ಆ ಕೋಣೆಗೆ ಕಾಲೇ ಇಡಲ್ಲ” ಅಂದಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಹೊರಡಬೇಕಿದ್ದ ವಿಮಾನದ ಸುಳಿವೇ ಇಲ್ಲ. ಹೊಟ್ಟೆ ತಾಳ ಹಾಕುತ್ತಿತ್ತು.

ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು ಒಂದು ಹಾಳೆ ಬಿಡಿಸಿದರು. “ಈ ದಾರಿಯ ವಿಮಾನ ವಾರದಲ್ಲಿ ನಾಲ್ಕು ದಿನ ತಡ. ಇಲ್ನೋಡಿ ನಿಯಮ. ಮೂರು ಗಂಟೆ ದಾಟಿದ್ರೆ ಊಟದ ಚೀಟಿ ಕೊಡಲೇಬೇಕು. ನಮ್ಮ ಹಕ್ಕು!”

“ಹಾಗಾದ್ರೆ ನೀವೇ ಕೇಳಿ ಮೇಷ್ಟ್ರೇ.”

“ನನಗೆ ಮಂಡಿ ನೋವು. ನೀವು ನಡೀರಿ, ನಿಮ್ಮ ಹಿಂದೆ ನಾನಿದೀನಿ.”

ಕೈಗಡಿಯಾರ ಹನ್ನೆರಡು ತೋರಿಸಿದ್ದೇ ತಡ, ಗಡಿಯಾರದಣ್ಣ ಆಚೆ ತುದಿಯ ಕೌಂಟರಿಗೆ ಹೋಗಿ ಕಂಬದ ಹಾಗೆ ನಿಂತ. “ಮೂರು ಗಂಟೆ ಆಯ್ತು. ಚೀಟಿ ಕೊಡಮ್ಮ.”

ಕೌಂಟರಿನ ಹುಡುಗಿ ಗೋಡೆಯತ್ತ ನೋಡಿದಳು. “ಇನ್ನೂ ಕಾಲು ಗಂಟೆ ಇದೆ ಅಂಕಲ್.”

“ನಿಮ್ಮ ಗೋಡೆ ಗಡಿಯಾರ ನಿಧಾನ. ಇಳಿಸಿ ಕೊಡು, ಇಲ್ಲೇ ಸರಿಮಾಡ್ತೀನಿ.”

ಅಷ್ಟರಲ್ಲಿ ವಿಮಾನ ಸಿದ್ಧವಾಗಿದೆ ಎಂದು ಧ್ವನಿವರ್ಧಕ ಕೂಗಿತು.

“ಕರೀತಿದಾರೆ, ಹೊರಡಿ ಅಂಕಲ್.”

“ಗೊತ್ತು ಬಿಡಮ್ಮ, ಚೀಟಿ ತಪ್ಪಿಸೋ ಉಪಾಯ. ಊಟದ ಆಸೆಗಲ್ಲ ನಾನು ನಿಂತಿರೋದು. ಇದು ನಮ್ಮಪ್ಪನ ಗಡಿಯಾರ. ಸುಳ್ಳು ಹೇಳಲ್ಲ.”

ಅವನು ತಿರುಗಿ ನೋಡಿದರೆ, ಮೇಷ್ಟ್ರು ಮಂಡಿ ನೋವು ಮರೆತು ಸಾಲಿನ ಮೊದಲಿಗರಾಗಿ ನಿಂತಿದ್ದರು.

“ಇಪ್ಪತ್ತೆರಡನೇ ಸಾಲಿನ ಕಿಟಕಿ ಸೀಟಿನವರು ಕೂಡಲೇ ಬನ್ನಿ” ಎಂದು ಧ್ವನಿವರ್ಧಕ ಎರಡು ಸಲ ಗೋಗರೆಯಿತು.

“ಎಂಥ ಬೇಜವಾಬ್ದಾರಿ ಮನುಷ್ಯನೋ!” ಎಂದು ಗಡಿಯಾರದಣ್ಣ ಮರುಗಿದ.

ಗೋಡೆ ಗಡಿಯಾರದಲ್ಲಿ ಹನ್ನೆರಡಾಯಿತು. ಹುಡುಗಿ ಚೀಟಿಗೆ ಮುದ್ರೆ ಒತ್ತಿ ಕೊಟ್ಟಳು. ಗೆದ್ದ ಪೈಲ್ವಾನನಂತೆ ಅವನು ಜೇಬಿನಿಂದ ಟಿಕೆಟ್ ತೆಗೆದು ಸೀಟು ನೋಡಿದ. ಸಾಲು ಇಪ್ಪತ್ತೆರಡು, ಕಿಟಕಿ.

ಓಡಿದ. ಗಾಜಿನ ಬಾಗಿಲು ಮುಚ್ಚಿತ್ತು. ಆಚೆ ವಿಮಾನ ಬೆನ್ನು ತಿರುಗಿಸುತ್ತಿತ್ತು.

ಕ್ಯಾಂಟೀನಿನವನು ಚೀಟಿಯನ್ನು ಕಂಪ್ಯೂಟರಿನಲ್ಲಿ ನೋಡಿ ಹಿಂದಕ್ಕೆ ಕೊಟ್ಟ. “ಹನ್ನೊಂದು ಐವತ್ತೊಂಬತ್ತಕ್ಕೇ ಹೊರಟಿದೆ ಸ್ವಾಮಿ. ಮೂರು ಗಂಟೆ ತುಂಬಲೇ ಇಲ್ಲ. ಇದು ನಡೆಯಲ್ಲ.”

ಮತ್ತೆ ಅದೇ ಕೌಂಟರಿಗೆ ಬಂದು, ನಾಳೆಯ ವಿಮಾನಕ್ಕೆ ಸೀಟು ಬರೆಸಿ, ಅಕ್ಕನಿಗೆ ಫೋನ್ ಮಾಡಿದ. “ಅಕ್ಕಾ, ವಿಮಾನ ತಪ್ಪಿಹೋಯ್ತು. ನಾಳೆ ನಿನ್ನ ಆಪರೇಷನ್…”

ಆಚೆಯಿಂದ ನಗು ಕೇಳಿಸಿತು. “ಆಪರೇಷನ್ ಇರೋದು ನಾಡಿದ್ದು ಕಣೋ. ನಾಳೆ ಅಂತ ಬೇಕಂತಲೇ ಹೇಳಿದ್ದೆ. ಅಪ್ಪ ಗಡಿಯಾರಾನ ಕಾಲು ಗಂಟೆ ಮುಂದಿಡ್ತಿದ್ರು, ನಾನು ಒಂದು ದಿನ ಮುಂದಿಟ್ಟೆ. ನಾಳೆ ಬಾ.”

ಗಡಿಯಾರದಣ್ಣ ಬೆಪ್ಪಾಗಿ ಮಣಿಕಟ್ಟು ನೋಡಿಕೊಂಡ. ಮುಳ್ಳು ತಿರುಗಿಸಲು ಹೋದ, ಕೈ ಬರಲಿಲ್ಲ.

“ನಾಳೇದೂ ಎರಡು ಗಂಟೆ ತಡ ಅಂತ ಈಗಲೇ ತೋರಿಸ್ತಿದೆ ಅಂಕಲ್” ಎಂದಳು ಹುಡುಗಿ, ಮೆಲ್ಲಗೆ.

ಅವಳ ಊಟದ ಬಿಡುವು ಒಂದು ಗಂಟೆಗೆ. ಗೋಡೆಯಲ್ಲಿ ಇನ್ನೂ ಹನ್ನೆರಡೂ ಮುಕ್ಕಾಲು. ಅವಳು ಗೋಡೆಯತ್ತ ನೋಡಲಿಲ್ಲ. ಅವನ ಕೈಗಡಿಯಾರ ನೋಡಿದಳು. ಮೇಜಿನ ಕೆಳಗಿನಿಂದ ತನ್ನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಅವನ ಮುಂದೆ ಸರಿಸಿದಳು.