ಆಸ್ಪರಾಗಸ್ಸೂ ಆರಾಮಕುರ್ಚಿಯೂ

ಹೆಂಡತಿ ತನಗೆಂದು ಹೂವು ತಂದಿದ್ದಾಳೆ ಎಂದು ಅವನು ಎರಡು ದಿನ ನಂಬಿಕೊಂಡಿದ್ದ.

ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬಂದವಳು ಚೀಲದಿಂದ ಹಸಿರು ಕಡ್ಡಿಗಳ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಮಾತಾಡಲೂ ತ್ರಾಣವಿಲ್ಲದೆ ಹೋಗಿ ಮಲಗಿಬಿಟ್ಟಿದ್ದಳು. ನೀಳವಾದ ಕಡ್ಡಿಗಳು, ಒಂದೊಂದರ ತುದಿಯಲ್ಲೂ ಬಿಗಿಯಾಗಿ ಮುಚ್ಚಿಕೊಂಡ ಮೊಗ್ಗು. ಮದುವೆಯಾದ ಮೇಲೆ ಅವನಿಗೆ ಯಾರೂ ಹೂವು ಕೊಟ್ಟಿರಲಿಲ್ಲ (ಮದುವೆಗೆ ಮುಂಚೆಯೂ ಕೊಟ್ಟಿರಲಿಲ್ಲ, ಆ ಮಾತು ಬೇರೆ). ಮನಸ್ಸು ತುಂಬಿ ಬಂತು. ಹಲ್ಲುಜ್ಜುವ ಬ್ರಷ್ಷುಗಳನ್ನು ಒಕ್ಕಲೆಬ್ಬಿಸಿ, ಅವುಗಳ ಲೋಟಕ್ಕೆ ನೀರು ತುಂಬಿ, ಕಟ್ಟನ್ನು ಅದರಲ್ಲಿ ನಿಲ್ಲಿಸಿ ಕಿಟಕಿಯಲ್ಲಿಟ್ಟ. ಎದ್ದಾಗೊಮ್ಮೆ, ಮಲಗುವಾಗೊಮ್ಮೆ ಅರಳಿತೇ ಎಂದು ಬಗ್ಗಿ ನೋಡಿದ.

"ರೀ, ನಾನು ತಂದ ಆಸ್ಪರಾಗಸ್ ಎಲ್ಲಿ?" ಎಂದು ಹೆಂಡತಿ ಕೊನೆಗೆ ಅಡುಗೆಮನೆಯಿಂದ ಕೂಗಿದಳು.

"ಅಂದ್ರೆ ಏನು?"

"ತರಕಾರಿ ರೀ. ಹಸಿರು ಕಡ್ಡಿ."

ಅವನು ಕಿಟಕಿಯತ್ತ ನೋಡಿದ. ಅವಳೂ ಬಂದು ನೋಡಿದಳು.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತಾರೆ. ನೀವು ಹೊಟ್ಟೆಗೆ ಅಂತ ತಂದಿದ್ದನ್ನೇ ಜುಟ್ಟಿಗೆ ಮುಡಿಸಿದೀರಲ್ಲ!"

ಇಂಥ ಪಾಕಶಾಸ್ತ್ರ ಪಾರಂಗತನು ಮುಂದೊಂದು ದಿನ ಅದೇ ಆಸ್ಪರಾಗಸ್ಸನ್ನು ತಾನೇ ಬೇಯಿಸುತ್ತೇನೆಂದು ಪಣ ತೊಟ್ಟಿದ್ದು ಒಂದು ಕುರ್ಚಿಗಾಗಿ.

ಅವನಿಗೆ ಕೆಲಸ ಬಣ್ಣ ಬಳಿಯುವ ಬ್ರಷ್ ಮಾಡುವ ಕಾರ್ಖಾನೆಯಲ್ಲಿ. ಹಿಡಿಗೆ ಕೂದಲು ಕೂರಿಸುವವರು ಬೇರೆ, ಅಂಟು ಹಾಕುವವರು ಬೇರೆ. ತುದಿಯಲ್ಲಿ ಹೆಚ್ಚುಕಡಿಮೆಯಾಗಿ ಕೆದರಿಕೊಂಡ ಕೂದಲನ್ನು ಕತ್ತರಿಸಿ ಸಮ ಮಾಡುವವನು ಇವನು. ಒಂದೆಳೆ ಮೇಲೆದ್ದು ನಿಂತಿದ್ದರೂ ಇವನ ಕಣ್ಣಿಗೆ ಮುಳ್ಳು ಚುಚ್ಚಿದಂತೆ. ಹೀಗಾಗಿ ಜೊತೆಯವರು ಇವನಿಗೆ 'ಲೆವೆಲ್ಲು' ಎಂದೇ ಹೆಸರಿಟ್ಟಿದ್ದರು. ಲೆವೆಲ್ಲು ಬೆಳಿಗ್ಗೆಯಿಂದ ಸಂಜೆಯತನಕ ನಿಂತೇ ದುಡಿದು, ಬಸ್ಸಿನಲ್ಲೂ ನಿಂತೇ ಮನೆಗೆ ಬಂದು, ಮೂಲೆಯ ಪುಟ್ಟ ಕೋಣೆಯಲ್ಲಿದ್ದ ಹಳೆಯ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಬಿದ್ದುಕೊಳ್ಳುತ್ತಿದ್ದ. ಕುರ್ಚಿಯ ಬಟ್ಟೆ ಅವನ ಬೆನ್ನಿನ ಅಚ್ಚಿಗೇ ಜೋತುಬಿದ್ದಿತ್ತು. ಅವನ ಸಮಸ್ತ ಸಾಮ್ರಾಜ್ಯ ಅಷ್ಟೇ. ಅದರ ಮೇಲೆ ದಂಡೆತ್ತಿ ಬರುವವರಿದ್ದಾರೆಂದು ತಿಳಿದದ್ದು ಒಂದು ಸಂಜೆ.

"ನಂಗೂ ನಿಂತೂ ನಿಂತೂ ಸಾಕಾಗಿದೆ," ಎಂದಳು ಹೆಂಡತಿ, ಬ್ರೆಡ್ಡಿಗೆ ಜಾಮ್ ಸವರುತ್ತ. ಆ ವಾರವಿಡೀ ಅದೇ ಊಟ. "ಅಲ್ಲಿ ಕೌಂಟರ್ ಮುಂದೆ ನಿಲ್ಲೋದು, ಇಲ್ಲಿ ಒಲೆ ಮುಂದೆ ನಿಲ್ಲೋದು. ಅಮ್ಮ ಬಂದು ಇರ್ತೀನಿ ಅಂತಿದಾರೆ. ಅಡುಗೆ ಅವರದು."

"ಬರ್ಲಿ, ಅದಕ್ಕೇನು?"

"ಅವರ ಹೊಲಿಗೆ ಮಿಷಿನ್ನೂ ಬರುತ್ತೆ. ಆ ಕೋಣೇಲಿ ಇಡ್ಬೇಕು."

"ಮತ್ತೆ ಕುರ್ಚಿ?"

"ಹಳೇ ಸಾಮಾನಿನವನಿಗೆ ಕೊಟ್ರೆ ಆಯ್ತು."

ಲೆವೆಲ್ಲು ಬ್ರೆಡ್ಡನ್ನು ತಟ್ಟೆಗಿಟ್ಟ. "ಅಡುಗೆ ಏನು ಬ್ರಹ್ಮವಿದ್ಯೆನಾ? ನಾನೇ ಮಾಡ್ತೀನಿ. ಭಾನುವಾರ ಅತ್ತೆನ ಊಟಕ್ಕೆ ಕರಿ. ನನ್ನ ಅಡುಗೆ ಅವರ ಗಂಟಲಲ್ಲಿ ಇಳಿದ್ರೆ ಮಿಷಿನ್ನು ಅವರ ಮನೇಲೇ ಇರ್ಲಿ. ಇಳೀದಿದ್ರೆ ನಾನೇ ಹೊತ್ಕೊಂಡು ಬರ್ತೀನಿ."

"ಏನು ಮಾಡ್ತೀರಿ?"

"ಆಸ್ಪರಾಗಸ್," ಎಂದ. ಹಳೆಯ ಅವಮಾನವೊಂದು ಬಾಕಿಯಿತ್ತಲ್ಲ!

ಭಾನುವಾರ ತಿಂಡಿಯನ್ನೂ ತಿನ್ನದೆ ಅಡುಗೆಮನೆ ಹೊಕ್ಕ. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿದ. ಮನೆಯಲ್ಲೇ ಆಸ್ಪರಾಗಸ್ ಬೇಯಿಸುವ ಸರಳ ವಿಧಾನಗಳನ್ನು ಹೇಳಿಕೊಡುವ ಹೆಂಗಸೊಬ್ಬಳು ಅದರಲ್ಲಿ ನಗುತ್ತ ಪ್ರತ್ಯಕ್ಷಳಾದಳು. "ಮೊದಲು ಕತ್ತರಿಸಿಕೊಳ್ಳೋದು ಹೇಗೆ ಅಂತ ನೋಡೋಣ," ಎಂದಳು. ಲೆವೆಲ್ಲು ಅಷ್ಟು ಭಾಗವನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದ. ಹಗಲೆಲ್ಲ ಕತ್ತರಿಸಿಯೇ ಸಂಬಳ ತರುವವನಿಗೆ ಕತ್ತರಿಸುವ ಪಾಠವೇ?

ಹೊಸದಾಗಿ ತಂದ ಆಸ್ಪರಾಗಸ್ ಕಟ್ಟು ಬಿಚ್ಚಿ ಹಲಗೆಯ ಮೇಲೆ ಸಾಲಾಗಿ ಜೋಡಿಸಿದ. ಬುಡ ಗಟ್ಟಿಮುಟ್ಟು, ಒಳ್ಳೆಯ ಹಿಡಿಯ ಹಾಗೆ. ತುದಿ ಮಾತ್ರ ಮೆತ್ತಗೆ, ಸಿಪ್ಪೆಸಿಪ್ಪೆಯಾಗಿ, ಒಂದು ಉದ್ದ ಒಂದು ಗಿಡ್ಡ. ಇಂಥ ಮಾಲನ್ನು ಮೇಲ್ವಿಚಾರಕರ ಮುಂದಿಟ್ಟರೆ ಮುಖದ ಮೇಲೆ ಎಸೆಯುತ್ತಾರೆ. ಕಸುಬಿನ ಕೈ ಸುಮ್ಮನಿದ್ದೀತೇ? ಚಾಕು ಎತ್ತಿ, ಮೆತ್ತಗಿದ್ದಷ್ಟೂ ಹೋಗುವಂತೆ, ಒಂದೇ ಏಟಿಗೆ ಸಾಮೂಹಿಕ ಶಿರಚ್ಛೇದ ನಡೆಸಿದ. ಉರುಳಿದ ತುದಿಗಳನ್ನು ಕಾಗದದಲ್ಲಿ ಸುತ್ತಿ ಸಿಂಕಿನ ಪಕ್ಕ, ಕಸದ ಪಾಲಿಗೆ, ಎತ್ತಿಟ್ಟ. ಹಲಗೆಯ ಮೇಲೆ ಉಳಿದ ಕಡ್ಡಿಗಳು ಅಳತೆಗೋಲು ಹಿಡಿದ ಹಾಗೆ ಸರಿಸಮ. ಅವನಿಗೇ ಹೆಮ್ಮೆಯಾಯಿತು.

ಫೋನಿನ ಹೆಂಗಸು ಉಪ್ಪುನೀರಿನಲ್ಲಿ ಐದೇ ನಿಮಿಷ ಎಂದಳು. ಐದು ನಿಮಿಷ ಕುದಿಸಿ ಚುಚ್ಚಿದರೆ ಫೋರ್ಕು ವಾಪಸ್ಸು ಪುಟಿಯಿತು. ಇನ್ನಷ್ಟು ಕುದಿಸಿದ, ನೀರು ಹಸಿರಾಯಿತು, ಕಡ್ಡಿ ಕಡ್ಡಿಯಾಗಿಯೇ ಇತ್ತು. ಸರಿ, ಎರಡನೆಯ ವಿಧಾನ: ಆವಿ. ಆವಿಯಲ್ಲಿ ಅವನ ಕನ್ನಡಕ ಬೆಂದಷ್ಟೂ ಆಸ್ಪರಾಗಸ್ ಬೇಯಲಿಲ್ಲ. ಮೂರನೆಯದು ಓವನ್. ಒಳಗೆ ಹೋದವು ಹೇಗೆ ಹೋದವೋ ಹಾಗೆಯೇ, ಸ್ವಲ್ಪ ಬಿಸಿಲಿಗೆ ಹೋಗಿ ಬಂದವರಂತೆ, ಹೊರಬಂದವು. ಕೊನೆಗೆ ಬೆಣ್ಣೆ ಹಾಕಿ ಬಾಣಲೆಯಲ್ಲಿ ಹುರಿದ. ಹೊರಗೆ ಕರಿ, ಒಳಗೆ ನಿರ್ವಿಕಾರ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಮೊದಲು ಬಾಣಲೆಯನ್ನು ಬೈದ, ಆಮೇಲೆ ಗ್ಯಾಸನ್ನು, ಆಮೇಲೆ ಫೋನಿನೊಳಗಿನ ನಗುವನ್ನು. ಸೊಂಟ ಹಿಡಿದುಕೊಂಡಿತ್ತು. ಕಾರ್ಖಾನೆಯಲ್ಲಾದರೂ ಊಟದ ಗಂಟೆ ಹೊಡೆಯುತ್ತದೆ.

ಬಾಗಿಲ ಗಂಟೆ ಹೊಡೆಯಿತು. ಅತ್ತೆ ಬಂದಿದ್ದರು.

ಅತ್ತೆ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಬಟ್ಟೆ ಹೊಲಿದು ಜೀವನ ಮಾಡುತ್ತಿದ್ದಾಗ ಸದಾ ಅಳತೆಪಟ್ಟಿ ಸುತ್ತಿಕೊಂಡೇ ಇರುತ್ತಿದ್ದ ಕತ್ತನ್ನು ನೆಟ್ಟಗಿಟ್ಟು, ತಟ್ಟೆಯ ಮುಂದೆ ಕೂತರು. ಸಾಲಾಗಿ ಮಲಗಿದ್ದ ಕಡ್ಡಿಗಳನ್ನು ನೋಡಿ, "ಎಷ್ಟು ನೀಟಾಗಿದೆ!" ಎಂದು ಮನಸಾರೆ ಹೊಗಳಿದರು. ಬಾಯಿಗಿಟ್ಟರು. ಅಗಿದರು. ದವಡೆ ಬದಲಿಸಿ ಅಗಿದರು. ಲೆವೆಲ್ಲು ಅವರ ಗಂಟಲನ್ನೇ ನೋಡುತ್ತಿದ್ದ. ಅವನ ಕುರ್ಚಿಯ ಹಣೆಬರಹ ಆ ದಾರಿಯಲ್ಲೇ ಇಳಿಯಬೇಕಿತ್ತು.

ಇಳಿಯಲಿಲ್ಲ. ಅತ್ತೆ ಎರಡು ಬೆರಳಿನಿಂದ ಬಾಯೊಳಗಿನಿಂದ ಉದ್ದನೆಯ ನಾರೊಂದನ್ನು ಎಳೆದು ಬೆಳಕಿಗೆ ಹಿಡಿದರು.

"ಒಳ್ಳೇ ಗಟ್ಟಿ ದಾರ. ಕೋಟಿಗೆ ಗುಂಡಿ ಹೊಲೀಬಹುದು," ಎಂದರು.

"ಕಬ್ಬಾಗಿದ್ರೆ ರಸನಾದ್ರೂ ಬರ್ತಿತ್ತು," ಎನ್ನುತ್ತ ಹೆಂಡತಿ ಬಾಯಿ ತೊಳೆಯಲು ಸಿಂಕಿಗೆ ಎದ್ದುಹೋದಳು. ಅಲ್ಲಿಂದ ಅವಳ ಧ್ವನಿ ಬಂತು. "ರೀ, ಈ ಕಾಗದದಲ್ಲಿ ಏನು?"

"ಕಸ. ತುದಿ ಸಮ ಮಾಡಿದ್ದು."

ಅವಳು ಕಾಗದ ಬಿಚ್ಚಿದಳು. ಆಮೇಲೆ ಅವಳು ಸಿಂಕು ಹಿಡಿದುಕೊಂಡು ನಕ್ಕ ನಗುವಿಗೆ ಅತ್ತೆಯೇ ಗಾಬರಿಯಾಗಿ ಎದ್ದರು. "ಅಮ್ಮಾ, ತಿನ್ನೋದನ್ನ ಬಿಸಾಕಿ, ಬಿಸಾಕೋದನ್ನ ಬೇಯಿಸಿದಾರೆ ನೋಡು! ಎಲ್ಲರೂ ಬುಡ ಮುರಿದು ಎಸೀತಾರೆ, ಇವರು ತಲೆ ಕಡಿದಿದಾರೆ!"

ಅತ್ತೆ ನಗಲಿಲ್ಲ. (ನಕ್ಕಿದ್ದರೆ ಚೆನ್ನಾಗಿತ್ತು.) ಸೆರಗು ಸಿಕ್ಕಿಸಿ, ತುದಿಗಳನ್ನು ತೊಳೆದು, ಅದೇ ಬಾಣಲೆಗೆ ಒಂದು ಚೂರು ಬೆಣ್ಣೆ ಬಿಟ್ಟು, ತುದಿಗಳನ್ನು ಸುರಿದು ನಾಲ್ಕು ಸಲ ಅಲುಗಿಸಿ, ಉಪ್ಪು, ಮೆಣಸಿನಪುಡಿ ಉದುರಿಸಿ, ನಿಂಬೆ ಹಿಂಡಿದರು. ಲೆವೆಲ್ಲು ಫೋರ್ಕು ಹುಡುಕುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಮನೆಯಲ್ಲೆಲ್ಲ ಬೆಣ್ಣೆಯ ಘಮ. ತಟ್ಟೆಗೆ ಬಿದ್ದಿದ್ದನ್ನು ಬಾಯಿಗಿಟ್ಟ. ಅಗಿಯುವ ಮೊದಲೇ ಕರಗಿತು. ಇಷ್ಟು ದಿನ ಜಾಮ್ ಬ್ರೆಡ್ಡನ್ನು ಊಟ ಎಂದು ಕರೆದಿದ್ದಕ್ಕೆ ಅವನ ನಾಲಿಗೆಗೇ ನಾಚಿಕೆಯಾಯಿತು.

ಹೆಂಡತಿ ಕೂತಿದ್ದಳು. ಊಟದ ಹೊತ್ತಿನಲ್ಲಿ, ಕೂತು, ಬಿಸಿಯಾಗಿರುವಾಗಲೇ ತಿನ್ನುತ್ತಿದ್ದಳು. ಅವಳನ್ನು ಹಾಗೆ ಕಂಡು ಎಷ್ಟು ಕಾಲವಾಯಿತೋ ಅವನಿಗೆ ನೆನಪಾಗಲಿಲ್ಲ.

ಅತ್ತೆ ಬಾಣಲೆ ಹಿಡಿದುಕೊಂಡೇ ಅವನ ಪಕ್ಕ ಬಂದು ನಿಂತರು.

"ಒಂದು ಮಾತು ಕೇಳ್ಲಾ? ಮುಚ್ಚುಮರೆ ಬೇಡ. ನಾನು ಬಂದು ಇಲ್ಲಿರೋದು ನಿಮಗೆ ಇಷ್ಟ ಇಲ್ಲ, ಅಲ್ವಾ?"

ಹೆಂಡತಿಯ ಫೋರ್ಕು ಬಾಯಿಯ ಹತ್ತಿರವೇ ನಿಂತಿತು. ಲೆವೆಲ್ಲು ತೆರೆದ ಬಾಗಿಲಿನಾಚೆ ಜೋತುಬಿದ್ದಿದ್ದ ತನ್ನ ಕುರ್ಚಿಯನ್ನು ನೋಡಿದ. ಆಮೇಲೆ ಬಾಣಲೆಯೊಳಗೆ ನೋಡಿದ. ತಳದಲ್ಲಿ ಇನ್ನೂ ಒಂದಿಷ್ಟು ತುದಿಗಳಿದ್ದವು.

"ಇಷ್ಟ ಇಲ್ಲ ಅತ್ತೆ," ಎಂದ, ತಟ್ಟೆ ಮುಂದೆ ಚಾಚಿ. "ಅದನ್ನೂ ಹಾಕ್ಬಿಡಿ. ಮಿಷಿನ್ನು ನಾನೇ ತಂದು ಕಿಟಕಿ ಪಕ್ಕ ಇಡ್ತೀನಿ."