ಸಂಕಪ್ಪ ಮಾಸ್ಟ್ರ ಹಾಳೆಬೊಂಬೆ

ಶಾಲೆಯ ಹುಡುಗಿ ಕಾಂತಿಯ ಅಪ್ಪ ಬಹರೈನಿನಿಂದ ತಂದ ಪ್ಲಾಸ್ಟಿಕ್ ಮಂಗವೇ ಈ ಎಲ್ಲ ರಾಮಾಯಣಕ್ಕೆ ಕಾರಣ. ಕೀಲಿ ಕೊಟ್ಟರೆ ಅದು ಡೋಲು ಬಡಿಯುತ್ತಿತ್ತು. ಚಾರ್ಮಾಡಿ ರಸ್ತೆ ಬದಿಯ ಆ ಪುಟ್ಟ ಶಾಲೆಯ ಒಂದನೇ ಕ್ಲಾಸಿನ ಮಕ್ಕಳು ಅದರ ಸುತ್ತ ಕೂತರೆ ಏಳುತ್ತಲೇ ಇರಲಿಲ್ಲ. ಮಳೆಗಾಲದಲ್ಲಿ ಅವರೇ ನೆಟ್ಟ ಗಿಡಗಳು ನೀರು ಹಾಕುವವರಿಲ್ಲದೆ ಮಾರ್ಚಿನ ಬಿಸಿಲಿಗೆ, ಮದುವೆ ಮುಗಿದ ಮನೆಯ ತೋರಣದ ಹಾಗೆ ಜೋತುಬಿದ್ದಿದ್ದವು.

ಅವರನ್ನು ಗಿಡಗಳ ಕಡೆ ತಿರುಗಿಸಲು ಅವರ ಮಾಸ್ಟ್ರು ಸಂಕಪ್ಪ ತಾವೇ ಒಂದು ಆಟಿಕೆ ಮಾಡಿದರು. ತೆಂಗಿನ ಗೆರಟೆಯ ತಲೆ, ಅಡಿಕೆ ಹಾಳೆಯ ಮೈ, ಗಂಟಲಿಗೊಂದು ಬಿದಿರಿನ ಕೊಳವೆ. ಗಾಳಿ ನುಗ್ಗಿದರೆ ‘ಊಂ...’ ಎಂದು ಅಳಬೇಕು. ಮಾಡಿದ ದಿನ ಊದಿ ನೋಡಿ, ಮನೆಯ ಜಗಲಿಯಲ್ಲಿ ನೇತುಹಾಕಿದ್ದರು. ವಾರ ಕಳೆದು ಶಾಲೆಗೆ ತಂದು ಗಿಡಗಳ ನಡುವಿನ ನೇರಳೆ ಮರದ ಕೊಂಬೆಗೆ ಕಟ್ಟಿದರು.

"ಮಕ್ಕಳೇ, ಗಿಡಕ್ಕೆ ಬಾಯಾರಿದರೆ ಈ ಬೊಂಬೆ ಅಳ್ತದೆ. ನೀರು ಹಾಕಿದರೆ ಸುಮ್ಮನಾಗ್ತದೆ. ಗೊತ್ತಾಯ್ತಾ?"

ಮಾತು ಮುಗಿಯುವ ಮೊದಲೇ ಅಳು ಶುರುವಾಯಿತು. ಬಾವಿಯೊಳಗಿಂದ ಹಸಿದ ಮಗು ಅತ್ತ ಹಾಗೆ. ಮಕ್ಕಳು ಬೆದರಿ ಚೆಂಬು ಚೆಂಬು ನೀರು ತಂದು ಹೊಯ್ದರು. ಅಳು ನಿಂತಿತು. ಮಾಸ್ಟ್ರ ಎದೆ ಉಬ್ಬಿತು. ಆ ಹೊತ್ತಿನಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ ಎಂಬುದು ಅವರ ಗಮನಕ್ಕೇ ಬರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅಳು. ಮೀನಿನ ಸೈಕಲ್ ತುಳಿಯುತ್ತ ಬಂದ ಮೂಸಬ್ಬ ಬ್ರೇಕ್ ಹಾಕಿದ.

"ಯಾರು ಮಾಸ್ಟ್ರೇ ಅಳುವುದು? ಹೊಡೆದಿರಾ?"

"ಮಕ್ಕಳಲ್ಲ ಮಾರಾಯ, ಬೊಂಬೆ!"

ಮೂಸಬ್ಬ ಮರ ನೋಡಿದ, ಮಾಸ್ಟ್ರನ್ನು ನೋಡಿದ, ಬೆಲ್ಲು ಬಾರಿಸುವುದನ್ನೂ ಮರೆತು ಹೊರಟುಹೋದ. ಅವತ್ತು ಮನೆ ಮನೆಗೆ ಬಂಗುಡೆಯ ಜೊತೆಗೆ ಸುದ್ದಿಯೂ ತಲುಪಿತು.

ಮಧ್ಯಾಹ್ನಕ್ಕೆ ಅಂಗಳ ತುಂಬ ಜನ. ಶಾಲೆಯ ಆಚೆಮನೆಯ ಚಿನ್ನಯ್ಯ ಶೆಟ್ರು ಮುಂಡು ಎತ್ತಿಕಟ್ಟಿ ಮುಂದೆ ಬಂದರು. "ಗೆರಟೆಗೆ ಕಣ್ಣು ಮೂಗು ಬರೆದು ಮರಕ್ಕೆ ಕಟ್ಟುವುದೆಂದರೆ ಆಟವಾ? ಕರೆಯದೆ ಬರುವವು ಈ ಊರಲ್ಲಿ ಬೇಕಾದಷ್ಟು ಉಂಟು. ನೀವು ಕರೆದೇ ಬಿಟ್ಟಿರಲ್ಲ!"

"ಅದು ಬರೀ ಗಾಳಿ, ಶೆಟ್ರೇ."

"ಗಾಳಿ ಎಲ್ಲಿ ಉಂಟು?"

ಉಂಟೇ? ಮಾಸ್ಟ್ರು ಆಗಲೇ ಸುತ್ತ ನೋಡಿದ್ದು. ಧ್ವಜಕಂಬದ ಹಗ್ಗ ಕೂಡ ನೆಟ್ಟಗೆ ಇಳಿಬಿದ್ದಿತ್ತು.

"ಇಳಿಸಿ ಮೊದಲು!" ಎಂದರು ಹೆಡ್ ಟೀಚರ್ ಪದ್ಮಾಕ್ಷಿ. "ಬಿಚ್ಚಿ ಎಲ್ಲರಿಗೂ ತೋರಿಸಿ. ಶಾಲೆಯ ಹೆಸರು ಹಾಳಾಗ್ತದೆ."

ಹೊಟ್ಟೆಯ ಭಾರಕ್ಕೆ ಏದುಸಿರು ಬಿಡುತ್ತ ಮಾಸ್ಟ್ರು ಮರ ಹತ್ತಿದರು. ಬೊಂಬೆಯ ಗಂಟಲಿನ ಕೊಳವೆಗೆ ಬೆರಳು ತೂರಿಸಲು ನೋಡಿದರು. ಬೆರಳು ಒಳಗೆ ಹೋಗಲಿಲ್ಲ. ಜಗಲಿಯಲ್ಲಿದ್ದ ವಾರದಲ್ಲೇ ಕುಂಬಾರ ಹುಳ ಕೊಳವೆಯ ತುಂಬ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಮಣ್ಣು ಒಣಗಿ ಕಲ್ಲಾಗಿತ್ತು. ಶಾಲೆಗೆ ಬಂದ ಮೇಲೆ ಈ ಬೊಂಬೆ ಒಮ್ಮೆಯೂ ಅತ್ತೇ ಇಲ್ಲ!

"ಎಂತ ಮಾಸ್ಟ್ರೇ, ಗಾಳಿಯಾ?" ಶೆಟ್ರು ಕೆಳಗಿನಿಂದ ಕೂಗಿದರು.

ಮಾಸ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಶೆಟ್ರ ಕಾಲ ಬುಡದಿಂದಲೇ ‘ಊಂ...’ ಎಂದು ಕೇಳಿತು. ಶೆಟ್ರ ಮುಂಡು ಒಂದು ದಿಕ್ಕಿಗೆ, ಶೆಟ್ರು ಇನ್ನೊಂದು ದಿಕ್ಕಿಗೆ. ಪದ್ಮಾಕ್ಷಿ ಟೀಚರ ಕೊಡೆ ಬೇಲಿ ಹಾರಿತು, ಹಿಂದೆಯೇ ಟೀಚರೂ ಹಾರಿದರು. ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಊರಿಗೆ ಊರೇ ಓಡಿತು.

ಅಂಗಿ ಹರಿದುಕೊಂಡು ಜಾರಿ ಇಳಿದ ಮಾಸ್ಟ್ರೊಬ್ಬರೇ ಉಳಿದರು. ಅಳುತ್ತಿದ್ದುದು ಒಂದು ಬಾಡಿದ ಹೊನ್ನೆ ಗಿಡ. ಬಾವಿಯಿಂದ ನೀರು ಸೇದಿ ತಂದು ಹೊಯ್ದರು. ಅದು ಸುಮ್ಮನಾಯಿತು. ಪಕ್ಕದ್ದು ಶುರು ಮಾಡಿತು. ಓಡಿ ಹೋಗುವ ಎಂದು ತಿರುಗಿದರೆ ಅಳು ಜೋರಾಗುತ್ತಿತ್ತು. ಬಾವಿಗೂ ಗಿಡಕ್ಕೂ ಅಲೆದು ಅಲೆದು, ಬಿಸಿಲು ಇಳಿಯುವಾಗ ಎಲ್ಲ ಗಿಡಗಳ ಬಾಯಿ ಮುಚ್ಚಿಸಿದರು. ಮಾಸ್ಟ್ರು ಬದುಕಿದೆನೆಂದು ಗೇಟು ದಾಟಿ ರಸ್ತೆಗೆ ಬಂದರು.

ರಸ್ತೆಯ ಎರಡೂ ಬದಿಗೆ, ಘಾಟಿಯ ಬುಡದವರೆಗೆ, ಹೋದ ವರ್ಷ ಊರವರು ಸಾಲಾಗಿ ಗಿಡ ನೆಟ್ಟಿದ್ದರು. ಮೊದಲನೆಯದು ಮೆಲ್ಲಗೆ ‘ಊಂ...’ ಎಂದಿತು. ಅದರಾಚೆಯದು ದನಿಗೂಡಿಸಿತು. ಆಮೇಲೆ ಅದರಾಚೆಯದು. ಅಳು ತಿರುವಿನಿಂದ ತಿರುವಿಗೆ ದಾಟುತ್ತ ದೂರ ಹೋಯಿತು.

ಮಾಸ್ಟ್ರು ಹರಿದ ಅಂಗಿಯ ತೋಳು ಮಡಚಿದರು. ಆಮೇಲೆ ಕೊಡಪಾನ ತರಲು ಶಾಲೆಯತ್ತ ತಿರುಗಿ ನಡೆದರು.