ನನ್ನ ಫೀಸು ಕೋರ್ಟಿನ ಕಟ್ಟೆ ಹತ್ತಿದ್ದು

ಮೂವತ್ತು ವರ್ಷ ಚಿತ್ತಾಪುರದ ಕೋರ್ಟಿನಲ್ಲಿ ವಕೀಲಿ ಮಾಡಿದ ಮೇಲೆ ಒಂದು ತಪ್ಪೊಪ್ಪಿಗೆ. ಹೊಲ, ಮನೆ, ಎಮ್ಮೆ, ಮುರಿದ ಕಾಲು, ಹೋದ ಮಾನ ಇವಕ್ಕೆಲ್ಲ ಪೈಸೆ ಬಿಡದೆ ಬೆಲೆ ಕಟ್ಟಿ ದಾವೆ ಹಾಕಬಲ್ಲ ನನಗೆ, ನನ್ನ ಫೀಸು ಇಷ್ಟು ಎಂದು ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಇದು ವಿನಯವಲ್ಲ, ಗುರುಪರಂಪರೆ. ಸೇಡಂನವರಾದ ನನ್ನ ಸೀನಿಯರು ಫೀಸಿನ ಮಾತು ಬಂದ ಕೂಡಲೇ "ನೋಡಿ ಕೊಡ್ರಿ" ಎಂದು ನೀರು ಕುಡಿಯಲು ಒಳಗೆ ಹೋಗುತ್ತಿದ್ದರು. ಅವರು ತಿರುಗಿ ಬರುವಷ್ಟರಲ್ಲಿ ಕಕ್ಷಿದಾರ ಮೇಜಿನ ಮೇಲಿನ ದಪ್ಪ ಕಾನೂನು ಪುಸ್ತಕದ ಕೆಳಗೆ ಏನಾದರೂ ಇಟ್ಟು ಹೋಗಿರುತ್ತಿದ್ದ. ಆ ಪುಸ್ತಕವನ್ನು ಅವರು ಬೇರೆ ಯಾವ ಕಾರಣಕ್ಕೂ ಎತ್ತಿದ್ದನ್ನು ನಾನು ಕಂಡಿಲ್ಲ. ಅವರಿಂದ ನಾನು ಕಾನೂನನ್ನು ಅಷ್ಟಿಷ್ಟು ಕಲಿತೆ, ನೀರು ಕುಡಿಯುವುದನ್ನು ಪೂರ್ತಿಯಾಗಿ ಕಲಿತೆ.

ವಾಡಿಯ ಶರಣಪ್ಪನವರು ಬಂದಾಗಲೂ ಹೀಗೇ ಮಾಡಿದೆ. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಪಕ್ಕದ ಮನೆಯವನು ಇವರ ಜಾಗದಲ್ಲಿ ಎರಡಡಿ ಒಳಗೆ ಬಂದು ಗೋಡೆ ಎಬ್ಬಿಸಿದ್ದ. ನಾನು ನೀರು ಕುಡಿದು ಬಂದರೆ ಶರಣಪ್ಪನವರು ಕುಳಿತೇ ಇದ್ದಾರೆ! ಪುಸ್ತಕದ ಕೆಳಗೆ ಏನೂ ಇಲ್ಲ.

"ಎಷ್ಟಾತದ ಅಂತ ಒಂದ್ ಮಾತ್ ಹೇಳಿಬಿಡ್ರಿ ವಕೀಲಸಾಬ್ರ" ಎಂದರು.

"ಮೊದ್ಲು ಕೆಲ್ಸ ಆಗ್ಲಿ ಬಿಡ್ರಿ, ಆಮ್ಯಾಲ ನೋಡೋಣ" ಎಂದೆ ನಾನು, ಅಷ್ಟೂ ವರ್ಷದ ಘನತೆಯಿಂದ.

ನಾಲ್ಕು ವರ್ಷಕ್ಕೆ ಕೆಲಸ ಆಯಿತು, ಗೋಡೆ ಬಿತ್ತು. ಆಗ ನಾನು ಅರವತ್ತು ಸಾವಿರದ ಬಿಲ್ಲು ಬರೆದು ಕಳಿಸಿದೆ. ಬಾಯಲ್ಲಿ ಹೇಳಲಾಗದ್ದು ಕಾಗದದಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಮರುದಿನವೇ ಶರಣಪ್ಪನವರು ಒಂದು ನೋಟ್‌ಬುಕ್ಕು ಹಿಡಿದು ಹಾಜರಾದರು. ಅದರಲ್ಲಿ ನಾನು ನಾಲ್ಕು ವರ್ಷ ಕೋರ್ಟಿಗೆ ಬಂದದ್ದು, ಬಾರದ್ದು ಎಲ್ಲ ಗಂಟೆ ನಿಮಿಷದ ಸಮೇತ ದಾಖಲಾಗಿತ್ತು.

"ನೀವು ಬರಲಾರ್ದ ದಿನಕ್ಕೂ ಫೀಸ್ ಹಚ್ಚೀರಲ್ರಿ! ಗಾಡೀನೇ ಬಂದಿಲ್ಲಂದ್ರ ಟಿಕೆಟ್ ಯಾಕ್ ತಗೋಬೇಕ್ರಿ ನಾ?"

ನನಗೆ ಸಿಟ್ಟು ಬಂತು. ಅವರ ಫೈಲನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ದುಡ್ಡು ಕೊಟ್ಟು ಕಾಗದ ಒಯ್ಯಿರಿ ಎಂದೆ. "ಹಂಗಾದ್ರ ಕೋರ್ಟೇ ಹೇಳ್ಲಿ" ಎಂದರು ಅವರು. "ಹೇಳ್ಲಿ" ಎಂದೆ ನಾನು. ಫೀಸು ವಸೂಲಿಗೆ ದಾವೆ ಹಾಕಿದೆ. ನನ್ನ ಪರವಾಗಿ ನಾನೇ ನಿಂತೆ. ಬೇರೆ ವಕೀಲರನ್ನು ಇಟ್ಟರೆ ಅವರು ಎಷ್ಟು ಕೇಳುತ್ತಾರೋ! ವಿಚಾರಣೆಯ ದಿನ ವಕೀಲರ ಬಾರ್ ರೂಮಿನಲ್ಲಿ ತೂಕಡಿಸುವವರೆಲ್ಲ ಎಚ್ಚೆತ್ತು ಬಂದು ಕೋರ್ಟು ಹಾಲಿನ ಬೆಂಚು ತುಂಬಿದ್ದರು. ನಿಜ ಹೇಳುತ್ತೇನೆ, ನಾನು ಹೆದರಿದ್ದು ಅರವತ್ತು ಸಾವಿರಕ್ಕಲ್ಲ. ನನ್ನ ಕಸುಬಿಗೆ ಎಷ್ಟು ಬೆಲೆಯೆಂದು ಮೊಟ್ಟಮೊದಲ ಸಲ ಯಾರೋ ನನ್ನ ಮುಖಕ್ಕೇ ಹೇಳುವವರಿದ್ದರು.

ನ್ಯಾಯಾಧೀಶೆ ನನ್ನ ಮಗಳ ವಯಸ್ಸಿನವರು, ಮೈಸೂರು ಕಡೆಯವರು. ಮೊದಲು ಫೈಲಿನ ವಿಚಾರ ಎತ್ತಿದರು. "ಕಕ್ಷಿದಾರರ ಕಾಗದ ಪತ್ರ ನಿಮ್ಮ ಹತ್ತಿರ ಒತ್ತೆ ಇಟ್ಟ ಚಿನ್ನವಲ್ಲ ವಕೀಲರೇ. ಅದನ್ನು ಮೊದಲು ವಾಪಸು ಕೊಡಿ. ಫೀಸಿನ ಮಾತು ಆಮೇಲೆ." ಕೊಟ್ಟೆ.

"ಫೀಸು ಇಷ್ಟೆಂದು ಬರೆದುಕೊಂಡಿದ್ದೀರಾ?"

"ಇಲ್ಲ."

"ಬಾಯಿಮಾತಿನಲ್ಲಾದರೂ?"

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶರಣಪ್ಪನವರು ಎದ್ದರು. "ಕೇಳೀನ್ರಿ ಮೇಡಂ ಅವ್ರ. ನೀರು ಕುಡ್ಯಾಕ ಒಳಗ ಹೋದ್ರು."

ಬೆಂಚುಗಳು ನಕ್ಕವು. ಒಪ್ಪಂದವಿಲ್ಲದಿದ್ದರೆ ಯುಕ್ತವಾದ ಫೀಸು ಯಾವುದೆಂದು ನೋಡಬೇಕು, ಅಂದರೆ ಯಾವ ಕೆಲಸ, ಎಷ್ಟು ಕಷ್ಟದ್ದು, ಎಷ್ಟು ಹೊತ್ತು ಹಿಡಿಯಿತು, ಇಂಥದ್ದಕ್ಕೆ ಈ ಊರಿನಲ್ಲಿ ಏನು ರೂಢಿ ಎಂದು ನ್ಯಾಯಾಧೀಶೆ ವಿವರಿಸಿ, ಹಳೆಯ ದಾವೆಯ ಕಡತ ತರಿಸಿದರು. ಇಪ್ಪತ್ತೊಂಬತ್ತು ತಾರೀಖು; ಅದರಲ್ಲಿ ಹನ್ನೊಂದು ಸಲ ನನ್ನ ಕೋರಿಕೆಯ ಮೇರೆಗೆ ಮುಂದೂಡಿಕೆ. ಗಾರ್ಡ್ ಸಾಹೇಬರ ನೋಟ್‌ಬುಕ್ಕಿಗೂ ಕೋರ್ಟಿನ ಕಡತಕ್ಕೂ ಒಂದು ದಿನದ ವ್ಯತ್ಯಾಸವಿರಲಿಲ್ಲ. ಕಾರಣಗಳನ್ನು ತೆರೆದ ನ್ಯಾಯಾಲಯದಲ್ಲಿ ಓದಲಾಯಿತು. ಚಿಂಚೋಳಿಯಲ್ಲಿ ಮದುವೆ. ಹಲ್ಲುನೋವು. ಶಹಾಬಾದಿನಲ್ಲಿ ತೊಟ್ಟಿಲು. ಹಲ್ಲುನೋವು. ಮತ್ತೆ ಹಲ್ಲುನೋವು.

"ಒಂದೇ ಹಲ್ಲೇ?" ಎಂದು ನ್ಯಾಯಾಧೀಶೆ ಕೇಳಿದರು.

ನಾನು ದವಡೆ ಹಿಡಿದುಕೊಂಡೆ.

ಪುಟ ತಿರುವುತ್ತ ಅವರು ಒಂದು ಕಡೆ ನಿಂತರು. ಗೋಡೆ ಕಟ್ಟಿದ ಗೌಂಡಿಯ ಪಾಟೀಸವಾಲು. ಪಾಯ ಪಕ್ಕದ ಮನೆಯವನ ತಾತನ ಕಾಲದ್ದು, ಅದರ ಮೇಲೇ ಗೋಡೆ ಎಬ್ಬಿಸಿದೆನೆಂದು ಆತ ಮೂರು ಸಲ ಹೇಳಿದ್ದ. ನಾನು ಕೊನೆಗೆ, "ಅದಕ್ಕೇ ನೋಡ್ರಿ ಅಷ್ಟು ಗಟ್ಟಿ ಅದ. ಹಿಂದಿನವ್ರ ಕೈಕೆಲ್ಸ ಈಗಿನ ಗೌಂಡಿಗೋಳಿಗಿ ಎಲ್ಲಿ ಬರ್ಬೇಕು" ಎಂದಿದ್ದೆ. ಆತ ಕಟಕಟೆಯಲ್ಲೇ ಕೆರಳಿ, "ಹಿಂದಿನವ್ರದೇನ್ರಿ? ಆ ಪಾಯ ಹಾಕ್ದಂವ ನಾನಽ!" ಎಂದು ಎದೆ ತಟ್ಟಿಕೊಂಡಿದ್ದ. ದಾವೆ ಅಲ್ಲೇ ಗೆದ್ದಿತ್ತು.

"ಇದಕ್ಕೆ ಬಿಲ್ಲಿನಲ್ಲಿ ಏನು ಹಾಕಿದ್ದೀರಿ?"

ಹುಡುಕಿದೆ. "ಇತರೆ, ಐನೂರು" ಎಂದಿತ್ತು. ಬಾರದ ದಿನಗಳಿಗೆ ಸಾವಿರಾರು, ಗೆದ್ದ ಗಳಿಗೆಗೆ ಐನೂರು!

ಶರಣಪ್ಪನವರು ಅಪ್ಪಣೆ ಕೇಳಿ ನೋಟ್‌ಬುಕ್ಕು ತೆರೆದರು. "ಅವತ್ತಿಂದೂ ಬರ್ದೀನ್ರಿ ಮೇಡಂ ಅವ್ರ. 'ಹನ್ನೊಂದು ನಲ್ವತ್ತು. ಗೌಂಡಿ ಬಾಯಿಬಿಟ್ಟ. ವಕೀಲಸಾಬ್ರು ಭಾಳ ಚಂದ ಕೇಳಿದ್ರು.' ಆ ಒಂದ್ ಮಾತಿಗಿ ನೀವು ಎಷ್ಟ್ ಅಂತೀರಿ ಅಷ್ಟ್ ಕೊಡ್ತೀನಿ. ಹಲ್ಲಿಗಿ ಮಾತ್ರ ಕೊಡಂಗಿಲ್ಲ."

ಮೂವತ್ತು ವರ್ಷದಲ್ಲಿ ನನ್ನ ವಿರುದ್ಧ ಇಷ್ಟು ಒಳ್ಳೆಯ ಸಾಕ್ಷಿ ಯಾರೂ ನುಡಿದಿರಲಿಲ್ಲ.

ತೀರ್ಪು ಬಂತು. ಬಾರದ ದಿನಗಳು ಹೋದವು, ಪಾಟೀಸವಾಲು ಏರಿತು. ಒಟ್ಟು ಮೂವತ್ತೆಂಟು ಸಾವಿರ. ಶರಣಪ್ಪನವರು ಕೋರ್ಟಿನ ವರಾಂಡದಲ್ಲೇ ಎಣಿಸಿ ಕೊಟ್ಟು, ರಸೀದಿ ಬರೆಸಿಕೊಂಡು, ಚಹಾ ಕುಡಿಸಿದರು. ಮೇಲಿನ ಕೋರ್ಟಿಗೆ ಅಪೀಲು ಹೋಗುವ ಹಕ್ಕು ನನಗಿತ್ತು. ಆದರೆ ತೀರ್ಪಿನ ನಾಲ್ಕನೇ ಪುಟದಲ್ಲಿ "ವಾದಿಯು ಸದರಿ ಸಾಕ್ಷಿಯನ್ನು ನುರಿತ ಕೌಶಲದಿಂದ ಪ್ರಶ್ನಿಸಿರುತ್ತಾರೆ" ಎಂಬ ಸಾಲಿತ್ತು. ಮೇಲಿನವರು ಅದನ್ನು ಅಳಿಸಿಬಿಟ್ಟರೆ? ಅಪೀಲು ಬಿಟ್ಟೆ. ಆ ಪುಟವನ್ನು ಐವತ್ತು ಝೆರಾಕ್ಸ್ ಮಾಡಿಸಿ ಬಾರ್ ರೂಮು, ನೆಂಟರು, ಅಳಿಯನ ಆಫೀಸು, ಎಲ್ಲ ಕಡೆ ಹಂಚಿದೆ. ಹನ್ನೊಂದು ಮುಂದೂಡಿಕೆಯ ಪಟ್ಟಿಯಿದ್ದ ಮೂರನೇ ಪುಟವನ್ನು ಜೋಪಾನವಾಗಿ ಮಡಿಸಿ ಕಪಾಟಿನಲ್ಲಿಟ್ಟೆ.

ಮೊನ್ನೆ ವಾಡಿಯಿಂದ ಒಬ್ಬ ಹೆಣ್ಣುಮಗಳು ಬಂದರು. ಗಂಡ ಸಿಮೆಂಟ್ ಕಾರ್ಖಾನೆಯಲ್ಲಿದ್ದವರು, ಈಗಿಲ್ಲ, ಪಿಂಚಣಿಯ ತಕರಾರು. ಕೈಯಲ್ಲೊಂದು ಝೆರಾಕ್ಸ್. ನನ್ನ ಮುಖ ಅರಳಿತು. ಇಸಿದುಕೊಂಡು ನೋಡಿದರೆ ಮೂರನೇ ಪುಟ! ಶರಣಪ್ಪನವರು ವಾಡಿ ತುಂಬ ಅದನ್ನು ಹಂಚುತ್ತಿದ್ದಾರಂತೆ.

"ಹನ್ನೊಂದ್ ಸಲ ಬಂದಿಲ್ಲಂತಲ್ರೀ ಅಣ್ಣಾರ, ಖರೇ ಏನ್ರಿ?"

"ಖರೇ ಅದರಿ" ಎಂದೆ, ತಲೆ ತಗ್ಗಿಸಿ.

"ಇರ್ಲಿ ಬಿಡ್ರಿ. ಉಳ್ದ ವಕೀಲ್ರು ಎಷ್ಟ್ ಸಲ ಬಂದಿಲ್ಲ ಅಂಬೋದು ಯಾರಿಗೂ ಗೊತ್ತೇ ಇಲ್ಲ. ನಿಮ್ದರ ಗೊತ್ತಾಗ್ಯಾದ. ನಿಮ್ ಫೀಸು ಎಷ್ಟಂತ ಇದ್ರ ಹಿಂದ ಬರೀರಿ."

ಬರೆದೆ. ನೀರು ಕುಡಿಯಲು ಒಳಗೆ ಹೋಗದೆ ಬರೆದೆ. ಅವರು ಓದಿ, ಮಡಿಸಿ, ಸೆರಗಿನಲ್ಲಿ ಕಟ್ಟಿಕೊಂಡರು. ಆಮೇಲೆ ವಾಡಿಯಿಂದಲೇ ಇನ್ನಿಬ್ಬರು ಬಂದಿದ್ದಾರೆ, ಅದೇ ಪುಟ ಹಿಡಿದು. ನಾನು ಹಂಚಿದ ನಾಲ್ಕನೇ ಪುಟ ನೋಡಿ ಇದುವರೆಗೆ ಒಬ್ಬರೂ ಬಂದಿಲ್ಲ.